ಗಾಳಿಯ ಮೇಲೆ ಸವಾರಿ: ಜಾನ್ ಬಾಯ್ಡ್ ಡನ್‌ಲಪ್

ಮಕ್ಕಳೇ, ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದೆ, ಅಲ್ಲವೇ? ಆದರೆ ಒಳಗಿರುವುದು ಬರೀ ಗಾಳಿ. ಸೈಕಲ್ ತುಳಿಯುವವರನ್ನೂ, ಕ್ಯಾರಿಯರ್ ಮೇಲೆ ಕುಳಿತವರನ್ನೂ, ಗಿರಣಿಗೆ ಒಯ್ಯುವ ಜೋಳದ ಚೀಲವನ್ನೂ ಹೊರುವುದು ಆ ಗಾಳಿಯೇ. ಇಂಥ ಟೈರನ್ನು ಜನಬಳಕೆಗೆ ತಂದವರು ಇಂಜಿನಿಯರ್ ಅಲ್ಲ, ಒಬ್ಬ ಪಶುವೈದ್ಯ!

ಜಾನ್ ಬಾಯ್ಡ್ ಡನ್‌ಲಪ್ 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಊರಿನಲ್ಲಿ ಹುಟ್ಟಿದರು. ಎಡಿನ್‌ಬರೋದಲ್ಲಿ ಪಶುವೈದ್ಯ ಶಾಸ್ತ್ರ ಓದಿ, 1867ರಲ್ಲಿ ಐರ್ಲೆಂಡಿಗೆ ಬಂದು ನೆಲೆಸಿದರು. ಬೆಲ್‌ಫಾಸ್ಟ್ ನಗರದಲ್ಲಿ ಅವರ ವೃತ್ತಿ ಚೆನ್ನಾಗಿ ಕುದುರಿತು. ಅದು ಕುದುರೆಗಳು ಗಾಡಿ ಎಳೆಯುತ್ತಿದ್ದ ಕಾಲ. ಕುದುರೆ ಡಾಕ್ಟರಿಗೆ ಕೆಲಸ ಕಡಿಮೆಯೇ?

ಅವರ ಮಗ ಜಾನಿ ಆಗ ಹತ್ತು ವರ್ಷದ ಹುಡುಗ. ಅವನ ಬಳಿ ಮೂರು ಚಕ್ರದ ಸೈಕಲ್ ಇತ್ತು. ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸಿದ್ದರು. ಆ ಕಲ್ಲುಗಳ ಮೇಲೆ ಗಟ್ಟಿ ಚಕ್ರಗಳು ಗಡಗಡ ಉರುಳುವಾಗ ಹುಡುಗನ ಮೈಯೆಲ್ಲ ಅದುರುತ್ತಿತ್ತು. ನೀವು ಹಳೆಯ ಕಾಲದ, ಕಬ್ಬಿಣದ ಪಟ್ಟಿಯ ಎತ್ತಿನ ಗಾಡಿಯಲ್ಲಿ ಕುಳಿತಿದ್ದರೆ ಈ ಕಷ್ಟ ನಿಮಗೆ ಗೊತ್ತು. ಟೈರ್ ಗಾಡಿಯಲ್ಲಿ ಮಾತ್ರ ಕುಳಿತಿದ್ದರೆ ಅಜ್ಜನನ್ನು ಕೇಳಿ!

1887ರಲ್ಲಿ ಡನ್‌ಲಪ್ ಒಂದು ಉಪಾಯ ಮಾಡಿದರು. ತೆಳುವಾದ ರಬ್ಬರ್ ಹಾಳೆಯಿಂದ ಕೊಳವೆ ಮಾಡಿ, ಅದನ್ನು ಮರದ ತಟ್ಟೆಯೊಂದರ ಅಂಚಿಗೆ ಸುತ್ತಿ, ಮೇಲೆ ಲಿನನ್ ಬಟ್ಟೆ ಹೊದಿಸಿ ಬಿಗಿದರು. ಕಾಲ್ಚೆಂಡಿಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿದರು. ಬಳಿಕ ಅಂಗಳದಲ್ಲಿ ಎರಡು ಚಕ್ರಗಳನ್ನು ಉರುಳಿಸಿದರು. ಒಂದು ಜಾನಿಯ ಸೈಕಲ್ಲಿನ ಗಟ್ಟಿ ಚಕ್ರ, ಇನ್ನೊಂದು ಗಾಳಿಯದು. ಗಟ್ಟಿ ಚಕ್ರ ಅಂಗಳದ ಕೊನೆ ಮುಟ್ಟುವ ಮೊದಲೇ ಬಿದ್ದುಬಿಟ್ಟಿತು. ಗಾಳಿಯ ಚಕ್ರ ಕೊನೆಯವರೆಗೂ ಓಡಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು!

ಹೀಗೇಕೆ? ಗಟ್ಟಿ ಚಕ್ರಕ್ಕೆ ಒಂದು ಚಿಕ್ಕ ಕಲ್ಲು ಅಡ್ಡ ಬಂದರೂ ಅದು ತನ್ನ ಮೇಲಿನ ಭಾರವನ್ನೆಲ್ಲ ಎತ್ತಿಕೊಂಡು ದಾಟಬೇಕು. ಪ್ರತಿ ಸಲವೂ ಒಂದಿಷ್ಟು ಶಕ್ತಿ ಪೋಲು. ಗಾಳಿಯ ಟೈರಾದರೋ ಕಲ್ಲು ತಗಲಿದ ಕಡೆ ಮಾತ್ರ ಒಳಕ್ಕೆ ತಗ್ಗಿ, ಕಲ್ಲನ್ನು ನುಂಗಿಕೊಂಡಂತೆ ಮುಂದೆ ಹೋಗುತ್ತದೆ.

ಹಾಗಾದರೆ ಎಷ್ಟು ಗಾಳಿ ತುಂಬಬೇಕು? ಇದೇ ಮುಖ್ಯವಾದ ಪ್ರಶ್ನೆ. ಲೆಕ್ಕ ಹಾಕೋಣ. ಸೈಕಲ್ಲಿನ ಹಿಂದಿನ ಚಕ್ರದ ಮೇಲೆ 36 ಕಿಲೋಗ್ರಾಂ ಭಾರವಿದೆ ಎನ್ನಿ. ಒಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಂನಷ್ಟು ಒತ್ತುತ್ತಿದ್ದರೆ, ಟೈರು ನೆಲಕ್ಕೆ ತಗಲುವ ಜಾಗ ಸುಮಾರು 12 ಚದರ ಸೆಂಟಿಮೀಟರ್. ಗಾಳಿಯ ಒತ್ತಡ ಅರ್ಧಕ್ಕೆ ಇಳಿದರೆ ಅದೇ ಜಾಗ ಸುಮಾರು 24 ಚದರ ಸೆಂಟಿಮೀಟರ್ ಆಗುತ್ತದೆ. ಅಂದರೆ ಟೈರು ಚಪ್ಪಟೆಯಾಗುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಟೈರನ್ನು ಒದ್ದೆ ಮಾಡಿ, ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ, ಗುರುತು ನೋಡಿ. ಗೆಳೆಯನನ್ನು ಕ್ಯಾರಿಯರ್ ಮೇಲೆ ಕೂರಿಸಿ, ಗುರುತು ದೊಡ್ಡದಾಗುತ್ತದೆ. ಭಾರ ಹೆಚ್ಚಿದರೆ ಗಾಳಿಯೂ ಹೆಚ್ಚು ಬೇಕು.

ಯುರೋಪಿನಲ್ಲಿ ರಜೆ ಬಂತೆಂದರೆ ಅನೇಕರು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೊರಡುತ್ತಾರೆ. ಕ್ಯಾರವಾನ್ ಎಂದರೆ ಚಕ್ರಗಳ ಮೇಲಿನ ಪುಟ್ಟ ಮನೆ. ಅದರ ಮೂತಿ ಕಾರಿನ ಹಿಂಭಾಗವನ್ನು ಕೆಳಕ್ಕೆ ಅದುಮುತ್ತದೆ. ಆದ್ದರಿಂದ ಸಾಮಾನ್ಯವಾಗಿ ಕಾರಿನ ಹಿಂದಿನ ಟೈರುಗಳಿಗೆ ಹೆಚ್ಚು ಗಾಳಿ ಹಾಕಬೇಕಾಗುತ್ತದೆ. ಎಷ್ಟು ಎಂಬುದನ್ನು ಕಾರು ತಯಾರಿಸಿದವರೇ ಪುಸ್ತಕದಲ್ಲಿ ಬರೆದಿರುತ್ತಾರೆ. ಕ್ಯಾರವಾನಿನ ಟೈರಿಗೆ ಬೇರೆಯೇ ಲೆಕ್ಕ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯೇರುತ್ತವೆ, ದಾರಿಯಲ್ಲೇ ಒಡೆಯಲೂಬಹುದು. ವಿಪರೀತ ತುಂಬಿದರೂ ಕೆಡುಕೇ. ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಗಲಿ ಬೇಗ ಸವೆಯುತ್ತದೆ, ರಸ್ತೆಯ ಮೇಲೆ ಹಿಡಿತವೂ ತಪ್ಪುತ್ತದೆ. ಇನ್ನೊಂದು ಮಾತು. ಓಡಿದ ಟೈರಿನೊಳಗಿನ ಗಾಳಿ ಬಿಸಿಯಾಗಿ ಒತ್ತಡ ಏರುವುದರಿಂದ, ಹೊರಡುವ ಮೊದಲೇ, ಟೈರು ತಣ್ಣಗಿರುವಾಗ ಅಳೆಯಬೇಕು. ಪೆಟ್ರೋಲ್ ಬಂಕಿನಲ್ಲಿ 30 ಪೌಂಡ್ ಎನ್ನುವುದನ್ನು ಕೇಳಿದ್ದೀರಲ್ಲ, ಅದು ಒಂದು ಚದರ ಅಂಗುಲದ ಮೇಲಿನ ಒತ್ತಡ.

ಮತ್ತೆ ಡನ್‌ಲಪ್ ಕಥೆಗೆ ಬರೋಣ. 1888ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1889ರ ಮೇ ತಿಂಗಳಿನಲ್ಲಿ ಬೆಲ್‌ಫಾಸ್ಟಿನ ಸೈಕಲ್ ಪಂದ್ಯಕ್ಕೆ ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರುಗಳನ್ನು ಹಾಕಿಕೊಂಡು ಬಂದ. ನೋಡಿದವರು ನಕ್ಕರು. ಆದರೆ ಗೆದ್ದವನು ಹ್ಯೂಮ್! ನಗು ನಿಂತಿತು, ಟೈರಿಗೆ ಬೇಡಿಕೆ ಬಂತು, ಅದೇ ವರ್ಷ ಡಬ್ಲಿನ್ ನಗರದಲ್ಲಿ ಕಂಪನಿಯೂ ಶುರುವಾಯಿತು.

ಅಷ್ಟರಲ್ಲಿ ಆಘಾತವೊಂದು ಕಾದಿತ್ತು. ಸ್ಕಾಟ್ಲೆಂಡಿನವರೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದರು. ಕುದುರೆಗಾಡಿಗಳಿಗೆ ಅದನ್ನು ಹಾಕಿ ಓಡಿಸಿಯೂ ಇದ್ದರು. ಆದರೆ ಆಗ ಸೈಕಲ್ ಬಳಕೆಗೆ ಬಂದಿರಲಿಲ್ಲ, ತೆಳುವಾದ ಒಳ್ಳೆಯ ರಬ್ಬರೂ ಸುಲಭವಾಗಿ ಸಿಗುತ್ತಿರಲಿಲ್ಲ. ಜನ ಅದನ್ನು ಮರೆತೇಬಿಟ್ಟಿದ್ದರು. ಥಾಮ್ಸನ್ 1873ರಲ್ಲೇ ತೀರಿಕೊಂಡಿದ್ದರು. ಡನ್‌ಲಪ್‌ಗೆ ಈ ವಿಷಯ ಗೊತ್ತೇ ಇರಲಿಲ್ಲ. ಆದರೂ ಅವರ ಪೇಟೆಂಟ್ ಅನೂರ್ಜಿತವಾಯಿತು. ನನಗನ್ನಿಸುವಂತೆ ಇಬ್ಬರೂ ನಿಜವಾದ ಸಂಶೋಧಕರೇ.

ಕಂಪನಿ ಬೆಳೆಯುತ್ತಲೇ ಹೋಯಿತು. 1896ರಲ್ಲಿ ಅದು 30 ಲಕ್ಷ ಪೌಂಡಿಗೆ ಮಾರಾಟವಾಯಿತು. (ಇದು ಗಾಳಿಯ ಪೌಂಡ್ ಅಲ್ಲ, ಬ್ರಿಟನ್ನಿನ ಹಣ!) ಡನ್‌ಲಪ್ ಅದಕ್ಕೆ ಮೊದಲೇ ಕಂಪನಿಯಿಂದ ಹೊರಬಂದಿದ್ದರು. ತಮ್ಮ ಹೆಸರಿನ ಟೈರಿನಿಂದ ಅವರು ದೊಡ್ಡ ಶ್ರೀಮಂತರೇನೂ ಆಗಲಿಲ್ಲ. ಡಬ್ಲಿನ್‌ನಲ್ಲಿ ಬಟ್ಟೆ ವ್ಯಾಪಾರದಲ್ಲಿ ಪಾಲು ಹೊಂದಿದ್ದು, 1921ರ ಅಕ್ಟೋಬರ್ 23ರಂದು ಅಲ್ಲಿಯೇ ನಿಧನರಾದರು. ಆ ವೇಳೆಗೆ ಸೈಕಲ್ಲು, ಮೋಟಾರು, ವಿಮಾನಗಳೆಲ್ಲ ಗಾಳಿ ತುಂಬಿದ ಟೈರುಗಳ ಮೇಲೆ ಉರುಳುತ್ತಿದ್ದವು.