ತಪ್ಪು ಒಪ್ಪಿಕೊಂಡ ಕ್ಯಾಪ್ಟನ್

ಗೆಳೆಯರೇ, ಪ್ಯಾನ್‌ಕೇಕ್ ಡೇ ನಿಮಗೆ ಗೊತ್ತಲ್ವಾ? ಆ ಮಂಗಳವಾರ ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ ಹೆಂಗಸರು ಬಾಣಲೆಯಲ್ಲಿ ಪ್ಯಾನ್‌ಕೇಕ್ ಇಟ್ಟುಕೊಂಡು ಚರ್ಚಿನ ಕಡೆಗೆ ಓಡ್ತಾರೆ! ಮರುದಿನ ಬೂದಿ ಬುಧವಾರ. ಅಲ್ಲಿಂದ ಈಸ್ಟರ್‌ವರೆಗೆ ಲೆಂಟ್. ಕರ್ನಾಟಕದ ಕ್ಯಾಥೊಲಿಕರು ಇದನ್ನು ತಪಸ್ಸು ಕಾಲ ಅಂತಾರೆ. ಭಾನುವಾರಗಳನ್ನು ಬಿಟ್ಟು 40 ದಿನ ಉಪವಾಸ, ಪ್ರಾರ್ಥನೆ, ಪಶ್ಚಾತ್ತಾಪ.

ಪಶ್ಚಾತ್ತಾಪ ಅಂದ್ರೆ ಏನು? ತಿಳಿಯಬೇಕಾದರೆ ಓಲ್ನಿಯಲ್ಲೇ ಪಾದ್ರಿಯಾಗಿದ್ದ ಜಾನ್ ನ್ಯೂಟನ್ ಅವರ ಕಥೆ ಕೇಳಿ. ಸೇಬಿನ ಕಥೆಯ ನ್ಯೂಟನ್ ಅಲ್ಲ, ಇವರೇ ಬೇರೆ!

ಜಾನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ಅವರಿಗೆ ಏಳು ವರ್ಷ ತುಂಬುವ ಮೊದಲೇ ಅಮ್ಮ ತೀರಿಕೊಂಡರು. ಹನ್ನೊಂದನೇ ವಯಸ್ಸಿಗೆ ಅಪ್ಪನ ಜೊತೆ ಹಡಗು ಹತ್ತಿದರು. ಬೆಳೆಯುತ್ತಾ ಒರಟರಾದರು. ದೇವರನ್ನೇ ಗೇಲಿ ಮಾಡ್ತಿದ್ದರು.

1748ರ ಮಾರ್ಚ್. ಅದೂ ಲೆಂಟ್ ಸಮಯವೇ. ಅಟ್ಲಾಂಟಿಕ್ ಸಾಗರದಲ್ಲಿ ಅವರಿದ್ದ ಗ್ರೇಹೌಂಡ್ ಹಡಗು ಬಿರುಗಾಳಿಗೆ ಸಿಕ್ಕಿ, ಒಳಗೆ ನೀರು ನುಗ್ಗಿತು. ಜಾನ್ ಗಂಟೆಗಟ್ಟಲೆ ಪಂಪ್ ಹೊಡೆದರು, ಆಮೇಲೆ ಚುಕ್ಕಾಣಿ ಹಿಡಿದರು. ಸಾವು ಎದುರಿಗೇ ಇತ್ತು. ಎಷ್ಟೋ ವರ್ಷಗಳ ನಂತರ ದೇವರ ಕರುಣೆ ಬೇಡಿದರು. ಕೆಲವು ವಾರಗಳ ಮೇಲೆ ಮುರುಕು ಹಡಗು ಐರ್ಲೆಂಡ್ ಸೇರಿತು.

ಇಲ್ಲಿಗೆ ಕಥೆ ಮುಗಿದಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಆದರೆ ಮುಗಿಯಲಿಲ್ಲ. 1750ರಿಂದ 1754ರವರೆಗೆ ಅದೇ ಜಾನ್ ಕ್ಯಾಪ್ಟನ್ ಆಗಿ ಮೂರು ಸಲ ಗುಲಾಮರ ಹಡಗು ನಡೆಸಿದರು. ಮೇಲೆ ನಾವಿಕರ ಜೊತೆ ಪ್ರಾರ್ಥನೆ; ಕೆಳಗೆ ಸರಪಳಿಯಲ್ಲಿ ಆಫ್ರಿಕಾದ ಜನ. ಎರಡೂ ಒಟ್ಟಿಗೆ ಇರಬಾರದು ಅಂತ ಅವರಿಗೆ ಆಗ ಅನಿಸಲೇ ಇಲ್ಲ. ಸಮುದ್ರ ಬಿಟ್ಟದ್ದೂ ಕಾಯಿಲೆಯಿಂದ, ಪಶ್ಚಾತ್ತಾಪದಿಂದಲ್ಲ.

1764ರಲ್ಲಿ ಅವರು ಓಲ್ನಿಗೆ ಪಾದ್ರಿಯಾಗಿ ಬಂದರು. ಊರಿನ ಬಡಜನರಿಗಾಗಿ ಕವಿ ವಿಲಿಯಂ ಕೂಪರ್ ಜೊತೆ ಭಕ್ತಿಗೀತೆಗಳನ್ನು ಬರೆದರು. ನೀವು ಕೇಳಿರುವ ಅಮೇಜಿಂಗ್ ಗ್ರೇಸ್ ಹಾಡು ಅವರದ್ದೇ.

ಹೆಸರು ಬಂತು, ಗೌರವ ಬಂತು. ಹಳೆಯದನ್ನು ಮುಚ್ಚಿಟ್ಟು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. 1788ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಒಂದು ಚಿಕ್ಕ ಪುಸ್ತಕ ಬರೆದರು. ಆ ಹಡಗುಗಳಲ್ಲಿ ಏನೇನು ನಡೀತಿತ್ತು, ಅದರಲ್ಲಿ ತಮ್ಮ ಪಾಲು ಏನು ಅಂತ ಊರೆಲ್ಲ ಓದುವ ಹಾಗೆ ಹೇಳಿದರು. ತಮ್ಮ ಈ ಒಪ್ಪಿಗೆ ತುಂಬಾ ತಡವಾಯ್ತು ಅಂತಲೂ ಬರೆದರು. ಮುಂದೆ ಪಾರ್ಲಿಮೆಂಟಿನ ಸಮಿತಿಯ ಎದುರೂ ಸಾಕ್ಷಿ ಹೇಳಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್, ರಾಜಕೀಯ ಬಿಡಲೋ ಬೇಡವೋ ಎಂದು ಗೊಂದಲದಲ್ಲಿದ್ದಾಗ ಪಾರ್ಲಿಮೆಂಟಿನಲ್ಲೇ ಉಳಿಯಲು ಧೈರ್ಯ ತುಂಬಿದವರೂ ಇವರೇ.

1807ರ ಮಾರ್ಚ್‌ನಲ್ಲಿ ಬ್ರಿಟನ್ ಆ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿತು. ಆಗ ಜಾನ್‌ಗೆ ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡರು.

ಲೆಕ್ಕ ಹಾಕಿ ನೋಡಿ: ಬಿರುಗಾಳಿಯ ಪ್ರಾರ್ಥನೆ 1748ರಲ್ಲಿ, ಪುಸ್ತಕ 1788ರಲ್ಲಿ. ಲೆಂಟ್ 40 ದಿನ. ಜಾನ್ ನ್ಯೂಟನ್‌ಗೆ ಬೇಕಾದದ್ದು 40 ವರ್ಷ! ಅಷ್ಟು ಕಾಲ ಆ ಹಡಗುಗಳಲ್ಲಿ ಜನ ನರಳುತ್ತಲೇ ಇದ್ದರು. ಅದಕ್ಕೇ ಗೆಳೆಯರೇ, ತಪ್ಪು ಮಾಡಿದಾಗ ಬರೀ ಸಾರಿ ಅಂದು ಓಡಬೇಡಿ. ನಮ್ಮಿಂದ ಯಾರಿಗೆ ನೋವಾಯ್ತು, ಅದನ್ನು ಹೇಗೆ ಸರಿಮಾಡೋದು ಅಂತ ಇವತ್ತೇ ಕೇಳಿಕೊಳ್ಳೋಣ. ಅಪ್ಪ ಅಮ್ಮಂದಿರೇ, ನೀವೂ ಅಷ್ಟೇ!