ಭಾಸ್ಕರಾಚಾರ್ಯರೂ ತಾನೇ ತಿರುಗುವ ಚಕ್ರವೂ

ಲೀಲಾವತಿಯ ಕರ್ತೃಗಳಾದ ಭಾಸ್ಕರಾಚಾರ್ಯರ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಆದರೆ ತೂಕಕ್ಕೂ ಟೊಳ್ಳಿಗೂ ತಿರುಗುವಿಕೆಗೂ ಇರುವ ನಂಟನ್ನು ಅವರು ಚಿಂತಿಸಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದನ್ನು ಸಹಪಾಠಿಗಳ ಮುಂದಿಡುವುದೇ ನನ್ನ ಉದ್ದೇಶ.

ಭಾಸ್ಕರರ ಜನನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರರೇ ಗುರುಗಳು. ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ. ಅದನ್ನು ನಮ್ಮ ವಿಜಯಪುರದ ಸೀಮೆಯಲ್ಲಿ ಗುರುತಿಸುವವರುಂಟು; ಮಹಾರಾಷ್ಟ್ರದಲ್ಲಿ ಗುರುತಿಸುವವರೂ ಉಂಟು. ತಮ್ಮ 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬುವು ಅದರ ನಾಲ್ಕು ಭಾಗಗಳು. ಮುಪ್ಪಿನಲ್ಲಿಯೂ ಲೇಖನಿಯನ್ನು ಕೆಳಗಿಡದೆ 1183ರಲ್ಲಿ ಕರಣಕುತೂಹಲವನ್ನು ಬರೆದರು.

ಗೋಲಾಧ್ಯಾಯದಲ್ಲಿ ಯಂತ್ರಗಳಿಗೆ ಮೀಸಲಾದ ಒಂದು ಪ್ರಕರಣವಿದೆ. ಅಲ್ಲಿ ಹಗುರವಾದ ಮರದ ಚಕ್ರವೊಂದರ ವಿವರಣೆ ಬರುತ್ತದೆ. ಅದರ ಅರಗಳು ಟೊಳ್ಳು, ಒಂದೇ ಅಳತೆಯವು, ತುಸು ಓರೆಯಾದವು. ಅವುಗಳಲ್ಲಿ ಅರ್ಧದಷ್ಟು ಪಾದರಸವನ್ನು ತುಂಬಿ ಬಾಯಿ ಮುಚ್ಚಿ ಅಚ್ಚಿನ ಮೇಲಿಟ್ಟರೆ ಚಕ್ರವು ತಾನೇ ತಿರುಗುವುದೆಂದು ಅವರ ಎಣಿಕೆ. 628ರಲ್ಲಿಯೇ ಬ್ರಹ್ಮಗುಪ್ತರು ಇಂಥ ಚಕ್ರವನ್ನು ಬಣ್ಣಿಸಿದ್ದರು.

ಈ ಚಕ್ರವು ನಿರಂತರವಾಗಿ ತಿರುಗಲಾರದು. ಇಳಿಯುವ ಕಡೆ ಪಾದರಸವು ಅಂಚಿಗೆ ಸರಿದು ಹೆಚ್ಚು ಎಳೆಯುತ್ತದೆ, ನಿಜ. ಆದರೆ ಏರುವ ಕಡೆ ಪಾದರಸದ ಪ್ರಮಾಣವೇ ಹೆಚ್ಚಾಗಿ, ಎರಡೂ ಸರಿತೂಗಿ ಚಕ್ರ ನಿಲ್ಲುತ್ತದೆ. ಹಾಗೆಂದು ಆಚಾರ್ಯರ ಆಲೋಚನೆ ವ್ಯರ್ಥವೇ? ಅಲ್ಲ. ತೂಕವೆಷ್ಟು ಎಂಬುದಷ್ಟೇ ಅಲ್ಲ, ತೂಕವೆಲ್ಲಿ ಎಂಬುದೂ ಮುಖ್ಯವೆಂಬ ಅರಿವು ಅದರಲ್ಲಿದೆ.

ನಮ್ಮ ಗುಂಜಹಳ್ಳಿಯ ಕಡೆಯ ಹುಡುಗರ ಬಗರಿಯನ್ನೇ ನೋಡಿ. ಒಂದು ಮಗ್ಗುಲಲ್ಲಿ ರಂಧ್ರ ಕೊರೆದರೆ ಅದು ತೂರಾಡುತ್ತದೆ. ಪಾಶ್ಚಾತ್ಯರ ಬೌಲಿಂಗ್ ಆಟದಲ್ಲಿ ಬೆರಳಿನ ರಂಧ್ರಗಳಲ್ಲದೆ ಮತ್ತೊಂದು ರಂಧ್ರವನ್ನು ಚೆಂಡಿಗೆ ಕೊರೆಯುವ ವಾಡಿಕೆಯಿತ್ತು. ತೆಗೆದ ವಸ್ತು ಅಕ್ಷದಿಂದ ಎರಡು ಪಟ್ಟು ದೂರವಿದ್ದರೆ ಆ ಅಕ್ಷದ ಸುತ್ತಣ ಜಡತೆಯ ಮೇಲೆ ಪರಿಣಾಮ ನಾಲ್ಕು ಪಟ್ಟು. ಹೀಗೆ ಬೇರೆ ಬೇರೆ ಅಕ್ಷಗಳ ಜಡತೆಗಳ ಅಂತರ ಬದಲಾಗಿ, ಉರುಳುವಾಗ ಚೆಂಡಿನ ಅಕ್ಷ ಸರಿಯುವ ಬಗೆಯೂ, ನೆಲಕ್ಕೆ ತಾಗುವ ಜಾಡೂ, ಕೊನೆಯ ತಿರುವೂ ಬದಲಾಗುತ್ತವೆ. ಅಮೆರಿಕದ ಬೌಲಿಂಗ್ ಸಂಸ್ಥೆಯು 2020ರ ಆಗಸ್ಟ್ 1ರಿಂದ ತನ್ನ ಪಂದ್ಯಗಳಲ್ಲಿ ಈ ರಂಧ್ರವನ್ನು ನಿಷೇಧಿಸಿತು. ತಿರುಗುವ ಘನವಸ್ತುಗಳ ಗಣಿತವನ್ನು ಆಯ್ಲರ್ ಮಹಾಶಯನು ವಿಸ್ತಾರವಾಗಿ ನಿರೂಪಿಸಿದ್ದು 1765ರಲ್ಲಿ. ಭಾಸ್ಕರರ ಬಳಿ ಆ ಸಾಧನವಿರಲಿಲ್ಲ.

ಆಚಾರ್ಯರ ಕೃತಿಗಳ ಅಧ್ಯಯನಕ್ಕೆಂದು ಮೊಮ್ಮಗ ಚಂಗದೇವನು 1207ರಲ್ಲಿ ಪಾಟಣದಲ್ಲಿ ಮಠವನ್ನು ನೆಲೆಗೊಳಿಸಿದನು. ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ತಂದನು. 1979ರಲ್ಲಿ ಹಾರಿದ ನಮ್ಮ ಉಪಗ್ರಹವೊಂದು ಭಾಸ್ಕರನೆಂಬ ಹೆಸರನ್ನು ಹೊತ್ತಿತು.

ಹಿರಿಯರು ಎಲ್ಲವನ್ನೂ ಕಂಡುಹಿಡಿದಿದ್ದರೆಂದು ಹೊಗಳುವುದೂ, ಏನೂ ಅರಿಯರೆಂದು ಹಳಿಯುವುದೂ ಇಂದು ಸುಲಭವಾಗಿದೆ. ಎರಡೂ ಅವರಿಗೆ ಸಲ್ಲಿಸುವ ಗೌರವವಲ್ಲವೆಂದು ನಾನು ಬಗೆಯುತ್ತೇನೆ. ಅವರ ಚಕ್ರವನ್ನು ಪರೀಕ್ಷಿಸಿ, ನಿಲ್ಲುವುದೇಕೆಂದು ಕೇಳುವುದೇ ನಿಜವಾದ ಗೌರವ. ಯಂತ್ರಗಳೆಲ್ಲವನ್ನೂ ಬಣ್ಣಿಸಿದ ಆಚಾರ್ಯರು ಕಡೆಗೆ ಧೀಯಂತ್ರಕ್ಕೆ, ಎಂದರೆ ಬುದ್ಧಿಯೆಂಬ ಯಂತ್ರಕ್ಕೆ, ಅಗ್ರಸ್ಥಾನವನ್ನಿತ್ತರು. ಆ ಯಂತ್ರವು ನಮ್ಮೆಲ್ಲರ ಬಳಿಯೂ ಇದೆ.