ಹಡಗಿನ ಆಳುಗಳಿಗೂ ಲೆಕ್ಕ ಕಲಿಸಿದ ನಾವಿಕ: ನಥಾನಿಯಲ್ ಬೌಡಿಚ್

ಬಡತನದಿಂದ ಶಾಲೆ ಬಿಟ್ಟವರು ಸ್ವಂತ ಪರಿಶ್ರಮದಿಂದ ದೊಡ್ಡವರಾದ ಕಥೆಗಳನ್ನು ನಾವು ಕೇಳುತ್ತಲೇ ಬೆಳೆದಿದ್ದೇವೆ. ಅಂಥವರಲ್ಲಿ ನಥಾನಿಯಲ್ ಬೌಡಿಚ್ ಅವರ ಜೀವನ ಒಂದು ಕಾರಣಕ್ಕೆ ಬೇರೆಯಾಗಿ ನಿಲ್ಲುತ್ತದೆ. ತಾವು ಕಷ್ಟಪಟ್ಟು ಗಳಿಸಿದ ವಿದ್ಯೆಯನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಹಡಗಿನಲ್ಲಿ ಹಗ್ಗ ಎಳೆಯುವ ಆಳಿಗೂ ಅರ್ಥವಾಗುವ ಹಾಗೆ ಅದನ್ನು ಬಿಡಿಸಿ ಹೇಳಿದರು. ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ.

ಬೌಡಿಚ್ ಹುಟ್ಟಿದ್ದು 1773ರ ಮಾರ್ಚ್ 26ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂ ಎಂಬ ಬಂದರಿನಲ್ಲಿ. ಇದು ತಮಿಳುನಾಡಿನ ಸೇಲಂ ಅಲ್ಲ. ಅಟ್ಲಾಂಟಿಕ್ ಸಾಗರದ ದಡದ ಊರು. ತಂದೆ ಮೊದಲು ಹಡಗಿನ ನಾಯಕರಾಗಿದ್ದವರು, ಆಮೇಲೆ ಮರದ ಪೀಪಾಯಿ ಮಾಡುವ ಕೆಲಸಕ್ಕೆ ಇಳಿದರು. ಏಳು ಮಕ್ಕಳ ಸಂಸಾರ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ದಿನಗಳು ಬೇರೆ. ಹತ್ತನೆಯ ವಯಸ್ಸಿಗೆ ಹುಡುಗ ಶಾಲೆ ಬಿಟ್ಟು ತಂದೆಯ ಜೊತೆ ಪೀಪಾಯಿ ಕೆಲಸಕ್ಕೆ ಕುಳಿತ. ಹನ್ನೆರಡನೆಯ ವಯಸ್ಸಿಗೆ, ಹಡಗುಗಳಿಗೆ ಬೇಕಾದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಅವನನ್ನು ಕರಾರಿನ ಮೇಲೆ ಬಿಟ್ಟರು. ಇಪ್ಪತ್ತೊಂದು ತುಂಬುವವರೆಗೆ ಅಲ್ಲಿಂದ ಬಿಡುಗಡೆಯಿಲ್ಲ.

ಆ ಅಂಗಡಿಯೇ ಅವನ ಪಾಠಶಾಲೆಯಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಬೆಳಗಿನ ಜಾವದಲ್ಲಿ, ರಾತ್ರಿ ಒಲೆಯ ಬೆಳಕಿನಲ್ಲಿ ಓದು. ಹದಿನಾಲ್ಕನೆಯ ವಯಸ್ಸಿಗೆ ಬೀಜಗಣಿತ. ಹದಿನಾರು ದಾಟುವುದರೊಳಗೆ ಸ್ವಂತವಾಗಿ ಲೆಕ್ಕ ಹಾಕಿ ಒಂದು ಪಂಚಾಂಗವನ್ನೇ ಬರೆದ. ಪುಸ್ತಕ ಕೊಳ್ಳಲು ಹಣವಿಲ್ಲದ್ದರಿಂದ ಎರವಲು ತಂದು, ಗಣಿತದ ಲೇಖನಗಳನ್ನು ಪೂರ್ತಿಯಾಗಿ ನೋಟುಬುಕ್ಕುಗಳಿಗೆ ಇಳಿಸಿಕೊಂಡ.

ಇಲ್ಲಿ ಒಂದು ಅದೃಷ್ಟವೂ ಅವನ ಕೈಹಿಡಿಯಿತು. ಐರ್ಲೆಂಡಿನ ವಿಜ್ಞಾನಿ ರಿಚರ್ಡ್ ಕಿರ್ವನ್ ಅವರ ಪುಸ್ತಕಗಳನ್ನು ಸಾಗಿಸುತ್ತಿದ್ದ ಹಡಗನ್ನು ಯುದ್ಧಕಾಲದಲ್ಲಿ ಅಮೆರಿಕದವರು ಹಿಡಿದಿದ್ದರು. ಆ ಪುಸ್ತಕಗಳನ್ನು ಸೇಲಂ ಮತ್ತು ಸುತ್ತಲಿನ ವಿದ್ಯಾವಂತರು ಕೊಂಡು ಒಂದು ಗ್ರಂಥಾಲಯ ಮಾಡಿಕೊಂಡಿದ್ದರು. ಅಂಗಡಿಯ ಈ ಹುಡುಗನ ಆಸಕ್ತಿಯನ್ನು ಕಂಡ ಊರಿನ ಹಿರಿಯರು ಅವನಿಗೆ ಆ ಬಾಗಿಲು ತೆರೆದರು. ನ್ಯೂಟನ್ನರ ಮಹಾಗ್ರಂಥ ಲ್ಯಾಟಿನ್ನಿನಲ್ಲಿದ್ದುದರಿಂದ ಬೌಡಿಚ್ ಲ್ಯಾಟಿನ್ ಕಲಿತರು. ಗುರುವಿಲ್ಲ, ನಿಘಂಟು, ವ್ಯಾಕರಣ ಮತ್ತು ಆ ಭಾಷೆಯ ಬೈಬಲು, ಇಷ್ಟೇ ಬಂಡವಾಳ. ಫ್ರೆಂಚ್ ಕಲಿತದ್ದೂ ಹೀಗೆಯೇ.

ಕರಾರು ಮುಗಿದ ಮೇಲೆ 1795ರ ಜನವರಿಯಲ್ಲಿ 'ಹೆನ್ರಿ' ಎಂಬ ಹಡಗಿನಲ್ಲಿ ಗುಮಾಸ್ತರಾಗಿ ಬೌಡಿಚ್ ಮೊದಲ ಬಾರಿಗೆ ಸಮುದ್ರಕ್ಕೆ ಇಳಿದರು. ನಾಯಕರು ಹೆನ್ರಿ ಪ್ರಿನ್ಸ್. ಪ್ರಯಾಣ ಆಫ್ರಿಕವನ್ನು ಬಳಸಿ ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪಕ್ಕೆ, ಈಗಿನ ರಿಯೂನಿಯನ್. ಹೋಗಿ ಬರಲು ಒಂದು ವರ್ಷ. ನಡುನೀರಿನಲ್ಲಿ ಹಡಗು ಎಲ್ಲಿದೆ ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಅವರಿಗೆ ಅನುಭವಕ್ಕೆ ಬಂದದ್ದು ಆಗಲೇ.

ಆ ಕಷ್ಟವೇನೆಂದು ನಮ್ಮ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅಕ್ಷಾಂಶ ತಿಳಿಯುವುದು ಅಷ್ಟು ಕಠಿಣವಲ್ಲ. ಮಧ್ಯಾಹ್ನದ ಸೂರ್ಯನ ಎತ್ತರವನ್ನೋ ರಾತ್ರಿ ಧ್ರುವನಕ್ಷತ್ರದ ಎತ್ತರವನ್ನೋ ಸೆಕ್ಸ್‌ಟಂಟ್ ಎಂಬ ಉಪಕರಣದಿಂದ ಅಳೆದರೆ ಸಾಕು. ರೇಖಾಂಶಕ್ಕೆ ಮಾತ್ರ ಸಮಯ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಕಾರವಾರದಲ್ಲಿ ಸೂರ್ಯ ನೆತ್ತಿಗೆ ಬಂದಾಗ ಗ್ರೀನಿಚ್‌ನಲ್ಲಿ ಬೆಳಗಿನ ಸುಮಾರು 7 ಗಂಟೆ. ಇರುವ ಜಾಗದ ಸಮಯ, ಗ್ರೀನಿಚ್ಚಿನ ಸಮಯ ಎರಡೂ ಗೊತ್ತಿದ್ದರೆ ನಡುವಿನ ಅಂತರವೇ ರೇಖಾಂಶ. ಆದರೆ ಗ್ರೀನಿಚ್ಚಿನ ಸಮಯವನ್ನು ಕೆಡದಂತೆ ಹೊತ್ತೊಯ್ಯುವ ಕ್ರೋನೋಮೀಟರ್ ಗಡಿಯಾರಕ್ಕೆ ಆಗ ಬಹಳ ಬೆಲೆ. ಹೆಚ್ಚಿನ ವ್ಯಾಪಾರಿ ಹಡಗುಗಳಲ್ಲಿ ಅದು ಇರಲಿಲ್ಲ.

ಉಳಿದ ದಾರಿ ಚಂದ್ರನೇ. ಇವತ್ತು ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ಎಂದು ನಮ್ಮ ಹಿರಿಯರು ಪಂಚಾಂಗ ನೋಡಿ ಹೇಳುತ್ತಾರಲ್ಲ, ಅದೇ ತತ್ವ. ನಕ್ಷತ್ರಗಳ ನಡುವೆ ಚಂದ್ರ ಗಂಟೆಗೆ ಸುಮಾರು ಅರ್ಧ ಡಿಗ್ರಿ ಸರಿಯುತ್ತಾನೆ. ಆಕಾಶವೇ ಗಡಿಯಾರದ ಮುಖ, ಚಂದ್ರನೇ ಮುಳ್ಳು. ಚಂದ್ರನಿಗೂ ಒಂದು ನಕ್ಷತ್ರಕ್ಕೂ ಇರುವ ಅಂತರವನ್ನು ಅಳೆದು, ನಾವಿಕ ಪಂಚಾಂಗದ ಅಂಕಿಗಳೊಂದಿಗೆ ಹೋಲಿಸಿದರೆ ಗ್ರೀನಿಚ್ಚಿನ ಸಮಯ ಸಿಗುತ್ತದೆ. ಆದರೆ ಗಾಳಿಯಲ್ಲಿ ಬೆಳಕು ಬಾಗುವುದರಿಂದ ಮತ್ತು ನೋಡುವವನು ಭೂಮಿಯ ಮೇಲ್ಮೈಯಲ್ಲಿ ನಿಂತಿರುವುದರಿಂದ ಬರುವ ವ್ಯತ್ಯಾಸಗಳನ್ನು ಕಳೆಯಬೇಕು. ಲೆಕ್ಕ ಉದ್ದ. ಅಂತರ ಅಳೆಯುವಾಗ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು ತಪ್ಪಿದರೂ ಸಮಭಾಜಕದ ಬಳಿ ಹಡಗಿನ ಸ್ಥಾನ ಸುಮಾರು 30 ನಾಟಿಕಲ್ ಮೈಲಿ ತಪ್ಪುತ್ತದೆ. ಹಾಗಾಗಿ ಬಹುಪಾಲು ನಾಯಕರು ಇದರ ಗೋಜಿಗೇ ಹೋಗದೆ, ಹಡಗಿನ ವೇಗ ಮತ್ತು ದಿಕ್ಕನ್ನು ನೋಡಿ ಅಂದಾಜಿನ ಮೇಲೆ ಸಾಗುತ್ತಿದ್ದರು.

ಬೌಡಿಚ್ ಹಾಗೆ ಬಿಡಲಿಲ್ಲ. ಲೆಕ್ಕವನ್ನು ಸುಲಭಗೊಳಿಸುವ ಹೊಸ ಕ್ರಮವೊಂದನ್ನು ಕಂಡುಕೊಂಡರು. 1796ರಿಂದ ಅವರು ಇದೇ ಪ್ರಿನ್ಸ್ ಅವರ ಜೊತೆ 'ಆಸ್ಟ್ರಿಯಾ' ಹಡಗಿನಲ್ಲಿ ಲಿಸ್ಬನ್, ಮದೀರಾ, ಮನಿಲಾ, ಸ್ಪೇನ್, ಬಟಾವಿಯಾ ಎಂದು ತಿರುಗಿದರು. ಬಿಡುವಿನ ವೇಳೆಯಲ್ಲಿ ಹಡಗಿನ ಆಳುಗಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಅವರಲ್ಲಿ ಹೆಚ್ಚಿನವರು ಓದು ಕಡಿಮೆಯಿದ್ದ ಹಳ್ಳಿ, ಬಂದರಿನ ಹುಡುಗರು. ಒಬ್ಬನಿಗೆ ಒಂದು ರೀತಿಯಲ್ಲಿ ಅರ್ಥವಾಗದಿದ್ದರೆ ಇನ್ನೊಂದು ರೀತಿಯಲ್ಲಿ ಹೇಳುವುದು, ಅರ್ಥವಾದ ರೀತಿಯನ್ನು ಬರೆದಿಡುವುದು. ಹೀಗೆ ಆ ಹಡಗಿನ ಹನ್ನೆರಡು ಮಂದಿ ಆಳುಗಳೂ, ಅಡುಗೆಯವನ ಸಮೇತ, ಚಂದ್ರನನ್ನು ಅಳೆದು ಹಡಗಿನ ಸ್ಥಾನ ಹೇಳಬಲ್ಲವರಾದರು. ಅವರಲ್ಲಿ ಹಲವರು ಮುಂದೆ ಮೇಟ್‌ಗಳೂ ನಾಯಕರೂ ಆದರು. ಅಂದಿನ ಕಾಲದಲ್ಲಿ ಕೆಲವು ನಾಯಕರು ಈ ವಿದ್ಯೆ ಆಳುಗಳ ಕೈಗೆ ಸಿಗಬಾರದು, ಸಿಕ್ಕರೆ ಮಾತು ಕೇಳಲಾರರು ಎಂದು ತಿಳಿದಿದ್ದರು. ಬೌಡಿಚ್ ಅದಕ್ಕೆ ಸರಿಯಾಗಿ ವಿರುದ್ಧ ನಡೆದರು.

ಇನ್ನೊಂದು ಕೆಲಸವೂ ಜೊತೆಗೇ ನಡೆದಿತ್ತು. ನಾವಿಕರೆಲ್ಲ ಆಗ ಬಳಸುತ್ತಿದ್ದುದು ಇಂಗ್ಲೆಂಡಿನ ಜಾನ್ ಹ್ಯಾಮಿಲ್ಟನ್ ಮೂರ್ ಅವರ ಪುಸ್ತಕ. ಬೌಡಿಚ್ ಅದರ ಕೋಷ್ಟಕಗಳ ಅಂಕಿಗಳನ್ನು ತಾವೇ ಮತ್ತೆ ಲೆಕ್ಕ ಹಾಕಿ ನೋಡಿದರು. ಸಿಕ್ಕ ತಪ್ಪುಗಳು 8,000ದಷ್ಟು ಎಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಒಂದು ಉದಾಹರಣೆ ಸಾಕು. 1800ನೆಯ ಇಸವಿ 4ರಿಂದ ಭಾಗವಾದರೂ 400ರಿಂದ ಭಾಗವಾಗದ ಶತಮಾನ ವರ್ಷ. ಆದ್ದರಿಂದ ಅಧಿಕ ವರ್ಷವಲ್ಲ. ಮೂರ್ ಅವರ ಕೋಷ್ಟಕ ಅದನ್ನು ಅಧಿಕ ವರ್ಷವೆಂದು ಎಣಿಸಿತ್ತು. ಮಾರ್ಚ್ ತಿಂಗಳಲ್ಲಿ ಸೂರ್ಯನ ಸ್ಥಾನ ಒಂದು ದಿನ ತಪ್ಪಿದರೆ ಅಕ್ಷಾಂಶದಲ್ಲಿ 23 ನಾಟಿಕಲ್ ಮೈಲಿಗಳಷ್ಟು ವ್ಯತ್ಯಾಸ. ಕತ್ತಲಲ್ಲಿ ಬಂಡೆಗಳ ಕಡೆಗೆ ಸಾಗುವ ಹಡಗಿಗೆ ಅಷ್ಟು ಮೈಲಿ ಎಂದರೆ ಅದರಲ್ಲಿರುವ ಎಲ್ಲರ ಪ್ರಾಣ. ಅಂಕಿ ತಿದ್ದಿದವರಿಗೆ ತಾವು ಯಾರನ್ನು ಉಳಿಸಿದೆವೆಂದು ತಿಳಿಯುವುದಿಲ್ಲ, ಉಳಿದವರಿಗೂ ತಿಳಿಯುವುದಿಲ್ಲ.

ಪ್ರಕಾಶಕ ಎಡ್ಮಂಡ್ ಬ್ಲಂಟ್ 1799ರಲ್ಲಿ ತಿದ್ದಿದ ಆವೃತ್ತಿಯನ್ನು ಹೊರತಂದರು. ಕೊನೆಗೆ ತಿದ್ದಿ ಪ್ರಯೋಜನವಿಲ್ಲವೆಂದು 1802ರಲ್ಲಿ ಬೌಡಿಚ್ ಅವರ ಹೆಸರಿನಲ್ಲೇ ಹೊಸ ಗ್ರಂಥ ಬಂತು: 'ನ್ಯೂ ಅಮೆರಿಕನ್ ಪ್ರಾಕ್ಟಿಕಲ್ ನ್ಯಾವಿಗೇಟರ್'. ಹಡಗಿನ ಕೊನೆಯ ಆಳಿಗೂ ಅರ್ಥವಾಗದ್ದು ಅದರಲ್ಲಿ ಇರಕೂಡದೆಂಬುದು ಅವರ ನಿಯಮವಾಗಿತ್ತು. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯ, ಪ್ರೌಢಶಾಲೆಯ ಮುಖವನ್ನೂ ಕಾಣದ ಈ ಯುವಕನಿಗೆ ಗೌರವ ಎಂ.ಎ. ಪದವಿ ನೀಡಿತು.

ಇಷ್ಟೆಲ್ಲ ದುಃಖವಿಲ್ಲದೆ ನಡೆದದ್ದಲ್ಲ. 1798ರ ಮಾರ್ಚ್‌ನಲ್ಲಿ ಮದುವೆಯಾದ ಎಲಿಜಬೆತ್ ಅದೇ ವರ್ಷ ತೀರಿಕೊಂಡಾಗ ಬೌಡಿಚ್ ದೂರದ ಪ್ರಯಾಣದಲ್ಲಿದ್ದರು. ಸಮುದ್ರದಲ್ಲಿ ತಾನೆಲ್ಲಿದ್ದೇನೆಂದು ನಿಖರವಾಗಿ ಹೇಳಬಲ್ಲವರಿಗೂ ಮನೆಯಲ್ಲೇನಾಗುತ್ತಿದೆ ಎಂದು ತಿಳಿಯುವ ಉಪಾಯವಿರಲಿಲ್ಲ. ಎರಡು ವರ್ಷಗಳ ನಂತರ ಅವರು ಮೇರಿ ಇಂಗರ್ಸಾಲ್ ಅವರನ್ನು ವರಿಸಿದರು.

ಕೊನೆಯ ಪ್ರಯಾಣದಲ್ಲಿ ಅವರೇ ನಾಯಕರು. 'ಪುಟ್ನಮ್' ಹಡಗು ಸುಮಾತ್ರದಿಂದ ಕರಿಮೆಣಸು ತುಂಬಿಕೊಂಡು 1803ರ ಡಿಸೆಂಬರ್ 25ರಂದು ಸೇಲಂ ಸಮೀಪಿಸಿದಾಗ ಹಿಮಗಾಳಿ, ಮಂಜು. ದಡ ಕಾಣದು. ಬೌಡಿಚ್ ತಮ್ಮ ಲೆಕ್ಕವನ್ನು ನಂಬಿ ಮುಂದುವರಿದರು. ಕ್ಷಣಕಾಲ ಕಂಡ ಬೇಕರ್ ದ್ವೀಪದ ದೀಪ ಅವರ ಲೆಕ್ಕ ಸರಿಯೆಂದು ತೋರಿಸಿತು. ಆ ರಾತ್ರಿ ಹಡಗು ಕ್ಷೇಮವಾಗಿ ಬಂದರು ಸೇರಿತು.

ಆಮೇಲೆ ಅವರು ದಡದಲ್ಲೇ ಉಳಿದು ವಿಮಾ ಕಂಪನಿಗಳನ್ನು ನಡೆಸಿದರು. ಹಾರ್ವರ್ಡ್ ಪ್ರಾಧ್ಯಾಪಕ ಹುದ್ದೆಗೆ ಕರೆದರೂ ಒಪ್ಪಲಿಲ್ಲ. ಬಿಡುವಿನಲ್ಲಿ ಫ್ರಾನ್ಸಿನ ಲಾಪ್ಲಾಸ್ ಅವರ ಖಗೋಳ ಯಂತ್ರಶಾಸ್ತ್ರವನ್ನು ಇಂಗ್ಲಿಷಿಗೆ ತಂದು, ಲಾಪ್ಲಾಸ್ ಸುಲಭವೆಂದು ಬಿಟ್ಟ ಹಂತಗಳನ್ನೆಲ್ಲ ಬಿಡಿಸಿ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನಾಲ್ಕನೆಯ ಸಂಪುಟ ಹೊರಬರುವ ಮೊದಲೇ, 1838ರ ಮಾರ್ಚ್ 16ರಂದು ಬೋಸ್ಟನ್ನಿನಲ್ಲಿ ಅವರು ನಿಧನರಾದರು.

ಅವರು ಬದುಕಿದ್ದಾಗಲೇ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1817ರಲ್ಲಿ ಸೇಲಂನ ಹಡಗೊಂದು ಇಟಲಿಯ ಜಿನೋವಾ ಬಂದರಿಗೆ ಹೋಗಿತ್ತು. ನೋಡಲು ಬಂದ ಖ್ಯಾತ ಖಗೋಳಜ್ಞ ಬ್ಯಾರನ್ ಫಾನ್ ಸಾಕ್, ಈ ಹಡಗಿನ ಕಪ್ಪುವರ್ಣದ ಅಡುಗೆಯವನೂ ರೇಖಾಂಶದ ಲೆಕ್ಕ ಬಲ್ಲನೆಂದು ಕೇಳಿ ನಂಬದೆ ಅವನನ್ನು ಕರೆಸಿದರು. ಒಂದು ಕೈಯಲ್ಲಿ ಕೋಳಿ, ಇನ್ನೊಂದರಲ್ಲಿ ಚಾಕು ಹಿಡಿದೇ ಬಂದ ಆತ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟ. ಬೆರಗಾದ ಖಗೋಳಜ್ಞರು ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು.

ಬೌಡಿಚ್ ಅವರ ಪುಸ್ತಕದ ಹಕ್ಕನ್ನು 1860ರ ದಶಕದಲ್ಲಿ ಅಮೆರಿಕ ಸರ್ಕಾರ ಕೊಂಡುಕೊಂಡಿತು. ಕಾಲಕಾಲಕ್ಕೆ ಪರಿಷ್ಕರಿಸಿ ಇಂದಿಗೂ ಹೊರತರುತ್ತಿದೆ. ನಾವಿಕರು ಅದನ್ನು ಕರೆಯುವುದು 'ಬೌಡಿಚ್' ಎಂದೇ. ಇಂದು ಉಪಗ್ರಹಗಳು ಕ್ಷಣದಲ್ಲಿ ಸ್ಥಾನ ತಿಳಿಸುತ್ತವೆ. ಆದರೂ ಹಡಗಿನ ಅಧಿಕಾರಿಯಾಗುವವರು ಸೂರ್ಯ ನಕ್ಷತ್ರಗಳಿಂದ ಸ್ಥಾನ ಕಂಡುಹಿಡಿಯುವುದನ್ನು ಕಲಿಯಲೇಬೇಕು. ಉಪಕರಣ ಕೈಕೊಟ್ಟ ದಿನ ಬೇಕಾಗುವುದು ಆ ವಿದ್ಯೆ.

ನಮ್ಮ ಶಾಲೆಯ ಮಕ್ಕಳಿಗೂ ಈ ದಾರಿ ಮುಚ್ಚಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಪ್ರವೇಶ ಪರೀಕ್ಷೆ ಬರೆದು, ತರಬೇತಿ ಪಡೆದು, ಹಡಗಿನಲ್ಲಿ ಕೆಡೆಟ್ ಆಗಿ ದುಡಿದು, ಸೆಕೆಂಡ್ ಮೇಟ್ ಪರೀಕ್ಷೆ ಪಾಸು ಮಾಡಿದರೆ ನ್ಯಾವಿಗೇಷನ್ ಅಧಿಕಾರಿ. ಹತ್ತನೆಯ ತರಗತಿಯ ತ್ರಿಕೋನಮಿತಿ ಯಾತಕ್ಕೆ ಎಂದು ಕೇಳುವ ಮಕ್ಕಳಿಗೆ ಇದೂ ಒಂದು ಉತ್ತರ. ಅಚ್ಚಾದ ಅಂಕಿಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡುವುದು, ತನಗೆ ಅರ್ಥವಾದದ್ದನ್ನು ಪಕ್ಕದವನಿಗೆ ಅರ್ಥವಾಗುವವರೆಗೆ ಹೇಳಿಕೊಡುವುದು, ಈ ಎರಡು ಅಭ್ಯಾಸಗಳು ನಮ್ಮ ತರಗತಿಗಳಲ್ಲಿ ಉಳಿದರೆ ಮುಂದಿನ ಐವತ್ತು ವರ್ಷಗಳಿಗೆ ಅಷ್ಟು ಸಾಕು.